ಗೌರಿ ಬಾಗಿನದಿಂದ ದೀಪಾವಳಿ ಪೆಟ್ಟಿಗೆಯವರೆಗೆ: ಪರಿಸರಕ್ಕೆ ಭಾರವಾಗದ ಉಡುಗೊರೆ ಯಾವುದು?

ಗೌರಿ ಹಬ್ಬಕ್ಕೆ ಬಂದ ರವಿಕೆ ಕಣ ನವರಾತ್ರಿಯಲ್ಲಿ ಪಕ್ಕದ ಬೀದಿಯ ಮನೆಗೆ ಹೋಗುತ್ತದೆ. ಅಲ್ಲಿಂದ ಕಾರ್ತಿಕದಲ್ಲಿ ಯಾರದೋ ಗೃಹಪ್ರವೇಶಕ್ಕೆ, ಆಮೇಲೆ ಇನ್ಯಾರದೋ ಸೀಮಂತಕ್ಕೆ. 70–80 ಸೆಂಟಿಮೀಟರ್ ಉದ್ದದ ಆ ಪಾಲಿಯೆಸ್ಟರ್ ತುಂಡನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸಲು ಹೋದರೆ ತೋಳಿಗೆ ಬಟ್ಟೆ ಸಾಲದು, ಹೊಲಿಸಿದರೂ ಬೇಸಿಗೆಯಲ್ಲಿ ಮೈಮೇಲೆ ಇಟ್ಟುಕೊಳ್ಳಲಾಗದು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇದು ಗೊತ್ತು. ಆದರೂ ಪ್ರತಿ ವರ್ಷ ಹೊಸ ತುಂಡುಗಳು ಈ ಸುತ್ತಿಗೆ ಸೇರುತ್ತಲೇ ಇರುತ್ತವೆ, ಬಣ್ಣ ಮಾಸಿದವು ಒಣ ಕಸದ ಚೀಲಕ್ಕೆ ಬೀಳುತ್ತವೆ.

ಪರಿಸರಸ್ನೇಹಿ ಉಡುಗೊರೆ ಎಂದಕೂಡಲೇ ನಾವು ಕೇಳುವ ಪ್ರಶ್ನೆ ‘ಇದು ಯಾವುದರಿಂದ ಮಾಡಿದ್ದು?’ ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ‘ಇದನ್ನು ಆ ಮನೆಯಲ್ಲಿ ಯಾರು, ಎಷ್ಟು ಸಲ ಬಳಸುತ್ತಾರೆ?’ ಎಂಬುದು ಮೊದಲನೆಯದು. ಹತ್ತಿ ಬೆಳೆಯುವುದು, ಲೋಹ ಕರಗಿಸುವುದು, ಬಣ್ಣ ಹಾಕುವುದು, ಸಾಗಿಸುವುದು, ಇವೆಲ್ಲದರ ಹೊರೆ ವಸ್ತು ನಮ್ಮ ಕೈಗೆ ಬರುವ ಮೊದಲೇ ಭೂಮಿಯ ಮೇಲೆ ಬಿದ್ದಾಗಿರುತ್ತದೆ. ಬಳಸಿದಷ್ಟೂ ಆ ಹೊರೆ ಹಂಚಿಹೋಗುತ್ತದೆ. ಅಟ್ಟ ಸೇರಿದರೆ ಅದಿಷ್ಟೂ ವ್ಯರ್ಥ.

ಬಟ್ಟೆ ಚೀಲವನ್ನೇ ನೋಡಿ. ಮದುವೆ, ಉಪನಯನಗಳಲ್ಲಿ ತಾಂಬೂಲಕ್ಕೆ ಪ್ಲಾಸ್ಟಿಕ್ ಕವರಿನ ಬದಲು ಹತ್ತಿ ಚೀಲ ಕೊಡುವುದು ಈಗ ಒಳ್ಳೆಯ ರೂಢಿಯಾಗಿದೆ. ಡೆನ್ಮಾರ್ಕ್‌ನ ಪರಿಸರ ಸಂಸ್ಥೆ 2018ರಲ್ಲಿ ಮಾಡಿದ ಲೆಕ್ಕದಂತೆ, ಹವಾಮಾನದ ಮಟ್ಟಿಗೆ ಹತ್ತಿ ಚೀಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಅದನ್ನು ಕನಿಷ್ಠ 52 ಸಲ ಬಳಸಬೇಕು. ಸಾವಯವ ಹತ್ತಿಯದಾದರೆ ಇಳುವರಿ ಕಡಿಮೆಯಾದ್ದರಿಂದ 149 ಸಲ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ, ಒಮ್ಮೆ ಬಳಸಿ ಎಸೆಯುವ ತೆಳು ಚೀಲಕ್ಕೆ ಹೋಲಿಸಿ 131 ಎಂದಿತ್ತು. ಚರಂಡಿ ಕಟ್ಟುವ, ಹಸುವಿನ ಹೊಟ್ಟೆ ಸೇರುವ ಪ್ಲಾಸ್ಟಿಕ್‌ನ ಹಾನಿ ಈ ಲೆಕ್ಕಗಳಲ್ಲಿ ಇಲ್ಲ. ನಮ್ಮ ಊರುಗಳಲ್ಲಿ ಅದು ಸಣ್ಣ ಹಾನಿಯಲ್ಲ, ಆದ್ದರಿಂದ ಪ್ಲಾಸ್ಟಿಕ್ ಕವರಿಗೆ ಮರಳುವ ಪ್ರಶ್ನೆಯೇ ಇಲ್ಲ. ಆದರೆ ಕೊಟ್ಟ ಚೀಲ 52 ಸಲ ಮಾರ್ಕೆಟ್ಟಿಗೆ ಹೋಗುವಂತೆ ಇರಬೇಕು ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಹೆಚ್ಚಿನವು ಹೋಗುವುದಿಲ್ಲ, ಕಾರಣಗಳೂ ಸ್ಪಷ್ಟ. ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು ಹಿಡಿಸುವಷ್ಟೇ ಅಳತೆ. ಬೆರಳಿಗೆ ಕೊರೆಯುವ ತೆಳು ಹಿಡಿ. ವಧೂವರರ ಹೆಸರು, ತಾರೀಖು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದರಿಂದ ಹೊತ್ತು ತಿರುಗಲು ಸಂಕೋಚ. ಚೀಲ ಮಾಡಿಸುವಾಗ ಅಗಲ 35, ಎತ್ತರ 40, ತಳದಲ್ಲಿ 10 ಸೆಂಟಿಮೀಟರ್ ಮಡಿಕೆ ಇರಲಿ. ಹೆಗಲಿಗೆ ಹಾಕುವಂತೆ ಹಿಡಿ 60 ಸೆಂಟಿಮೀಟರ್ ಇರಲಿ, ಹಿಡಿ ಸೇರುವ ಜಾಗಕ್ಕೆ ಚೌಕ ಹೊಲಿದು ಅದರೊಳಗೆ ಅಡ್ಡಗೀಟಿನ ಹೊಲಿಗೆ ಹಾಕಿಸಿ. ಮಾದರಿ ಚೀಲಕ್ಕೆ ಐದು ಕಿಲೋ ಅಕ್ಕಿ ತುಂಬಿ ಒಂದು ರಾತ್ರಿ ಗೂಟಕ್ಕೆ ತೂಗುಹಾಕಿದರೆ ಹೊಲಿಗೆ ತಡೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹೆಸರು ಹಾಕಿಸಲೇಬೇಕಿದ್ದರೆ ಒಳಮಗ್ಗುಲಲ್ಲಿ ಸಣ್ಣದಾಗಿ ಹಾಕಿಸಿ.

ಬಾಗಿನದ ಮೊರ

ಗೌರಿ ಬಾಗಿನ ಮೂಲದಲ್ಲಿ ಬಹಳ ವಿವೇಕದ ಉಡುಗೊರೆ. ಜೋಡಿ ಬಿದಿರು ಮೊರ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಎಲ್ಲವೂ ಒಬ್ಬ ಹೆಣ್ಣುಮಗಳ ದಿನಬಳಕೆಯ ವಸ್ತುಗಳು. ಇಂದು ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ‘ಬಾಗಿನ ಸೆಟ್’ ಆ ವಸ್ತುಗಳ ಆಕಾರವನ್ನು ಮಾತ್ರ ಉಳಿಸಿಕೊಂಡಿದೆ. ಬೆರಳುದ್ದದ ಪ್ಲಾಸ್ಟಿಕ್ ಬಾಚಣಿಗೆ ಕೂದಲಿಗೆ ತಾಗದು. ನಾಣ್ಯದಗಲದ ಕನ್ನಡಿಯಲ್ಲಿ ಮುಖ ಕಾಣದು. ಒಂದೊಂದು ಚಮಚ ಬೇಳೆಗೆ ಒಂದೊಂದು ಪ್ಲಾಸ್ಟಿಕ್ ಸ್ಯಾಶೆ. ಮೊರವೂ ಅಂಗೈಯಗಲ, ಕೆಲವೆಡೆ ಅದೂ ಪ್ಲಾಸ್ಟಿಕ್ಕಿನದು.

ಇದನ್ನು ಸರಿಮಾಡಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ, ವಸ್ತುಗಳನ್ನು ಮತ್ತೆ ಬಳಸುವ ಅಳತೆಗೆ ತಂದರೆ ಸಾಕು. ಮೇದರ ಬಳಿ ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಹೇಳಿದರೆ ಪೂರ್ತಿ ಅಳತೆಯ ಮೊರ ಸಿಗುತ್ತದೆ. ಪಟ್ಟಣದ ಮನೆಯಲ್ಲಿ ಅಕ್ಕಿ ಕೇರದಿದ್ದರೂ ಸಂಡಿಗೆ ಒಣಗಿಸಲು, ಈರುಳ್ಳಿ ಬೆಳ್ಳುಳ್ಳಿ ಹರವಲು ಅದು ಬೇಕಾಗುತ್ತದೆ. ಅರಿಶಿನ ಬಳಿದ ಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಹಸಿಯಿರುವಾಗಲೇ ಒಂದರ ಮೇಲೊಂದು ಮುಚ್ಚಿ ಕಟ್ಟಿದರೆ ಭಾದ್ರಪದದ ತೇವಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗಿನ ಬೇಳೆಗೂ ವಾಸನೆ ತಗಲುತ್ತದೆ.

ಧಾನ್ಯವನ್ನು ಒಂದು ಹೊತ್ತಿನ ಅಡುಗೆಗೆ ಆಗುವಷ್ಟು ಇಡಿ: ಅಕ್ಕಿ ಕಾಲು ಕಿಲೋ, ತೊಗರಿಬೇಳೆ ಮತ್ತು ಹೆಸರುಬೇಳೆ 100 ಗ್ರಾಂ, ಒಂದು ಅಚ್ಚು ಬೆಲ್ಲ. ಸ್ಯಾಶೆಯ ಬದಲು ಹಳೆಯ ಹತ್ತಿ ಸೀರೆಯ ಪುಟ್ಟ ಚೀಲಗಳು ಸಾಕು. 18 ಸೆಂಟಿಮೀಟರ್ ಅಗಲ, 48 ಸೆಂಟಿಮೀಟರ್ ಉದ್ದದ ತುಂಡನ್ನು ಮಧ್ಯಕ್ಕೆ ಮಡಚಿ ಎರಡು ಬದಿ ಹೊಲಿದು, ಬಾಯಿಯ ಬಳಿ ನಾಲ್ಕು ಸೆಂಟಿಮೀಟರ್ ಮಡಿಸಿ ದಾರ ಪೋಣಿಸಿದರೆ 15 × 20ರ ಚೀಲವಾಗುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಲೆಕ್ಕಕ್ಕೆ 66 ತುಂಡು ಬರುತ್ತವೆ, ಸವೆದ ಭಾಗ ಬಿಟ್ಟರೂ 50 ಸಿಗುತ್ತವೆ. ಹೊಲಿಯುವ ಮೊದಲು ಸೀರೆಯನ್ನು ಒಮ್ಮೆ ಬಿಸಿನೀರಲ್ಲಿ ಒಗೆಯಿರಿ, ಬಣ್ಣ ಬಿಡುವ ಬಟ್ಟೆ ಧಾನ್ಯಕ್ಕೆ ಬೇಡ.

ಬಳೆಯ ಅಳತೆ ಕೇಳದೆ ಕೊಳ್ಳಬೇಡಿ. 2.4, 2.6, 2.8 ಇವುಗಳಲ್ಲಿ ಯಾವುದು ಎಂದು ಫೋನಿನಲ್ಲಿ ಕೇಳಿದರೆ ಅರ್ಧ ನಿಮಿಷದ ಕೆಲಸ. ಕೇಳದಿದ್ದರೆ ಒಂದು ಡಜನ್ ಗಾಜಿನ ಬಳೆ ಹಾಗೇ ಉಳಿಯುತ್ತವೆ, ಗುಜರಿಯವರೂ ಒಯ್ಯುವುದಿಲ್ಲ. ರವಿಕೆ ಕಣ ಹತ್ತಿಯ ಟೂ ಬೈ ಟೂ ರುಬಿಯಾ (ಜೋಡಿ ಎಳೆಯ ತೆಳು ಬಟ್ಟೆ) ಆಗಿರಲಿ, ಪೂರ್ತಿ ಒಂದು ಮೀಟರ್ ಇರಲಿ. ಸೀರೆಗೆ ಬಣ್ಣ ಹೊಂದದಿದ್ದರೂ ಲೈನಿಂಗಿಗೆ ಆಗುತ್ತದೆ. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಗುಳೇದಗುಡ್ಡದ ಕೈಮಗ್ಗದ ರವಿಕೆ ಬಟ್ಟೆ, ಖಣ ಇದೆ. ಆದರೆ ಅದೇ ವಿನ್ಯಾಸದ ಪವರ್‌ಲೂಮ್ ಪಾಲಿಯೆಸ್ಟರ್ ಕೂಡ ‘ಖಣ’ದ ಹೆಸರಿನಲ್ಲೇ ಮಾರಾಟವಾಗುತ್ತದೆ. ಅನುಮಾನವಿದ್ದರೆ ಅಂಚಿನಿಂದ ಉದ್ದ, ಅಡ್ಡ ಎರಡೂ ಕಡೆಯ ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೊಳೆಗೆ, ಕೆರೆಗೆ ಬಿಡುವ ಬಾಗಿನದ ವಿಷಯದಲ್ಲೂ ಇದನ್ನೇ ಹೇಳಬೇಕು. ಹೂವು, ಅರಿಶಿನದ ಕೊಂಬು ನೀರಿಗೆ ಬಿಟ್ಟು ಬಳೆ, ಕನ್ನಡಿ, ಬಟ್ಟೆಯನ್ನು ದಡದಲ್ಲಿ ನಿಂತ ಮುತ್ತೈದೆಗೆ ಕೊಟ್ಟರೆ ಭಕ್ತಿಗೆ ಕುಂದಿಲ್ಲ, ನದಿಗೂ ಕೇಡಿಲ್ಲ.

ಹಸಿರು ಎಂದು ಮಾರುವವು

ಮಾರುಕಟ್ಟೆಯಲ್ಲಿ ‘ಇಕೋ ಫ್ರೆಂಡ್ಲಿ’ ಎಂಬ ಚೀಟಿ ಹೊತ್ತ ಕೆಲವು ವಸ್ತುಗಳನ್ನು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ನಾನ್‌ವೋವನ್ ಚೀಲ ಅವುಗಳಲ್ಲಿ ಮೊದಲನೆಯದು. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಅದರ ಮೇಲೆ ಸಾಲಾಗಿ ಒತ್ತಿದ ಸಣ್ಣ ಚುಕ್ಕಿಗಳಿರುತ್ತವೆ, ಅಂಚಿನಿಂದ ದಾರ ಎಳೆದರೆ ಬರುವುದಿಲ್ಲ. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮವೇ ಇದನ್ನು ಪ್ಲಾಸ್ಟಿಕ್ ಚೀಲಗಳ ಸಾಲಿನಲ್ಲಿಟ್ಟು, ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರುವುದನ್ನು 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿದೆ. ಕೆಲವು ತಿಂಗಳು ಬಿಸಿಲಿಗೆ ಬಿದ್ದರೆ ಇದು ನೂಲುನೂಲಾಗಿ ಪುಡಿಯಾಗುತ್ತದೆ, ಆಮೇಲೆ ಆಯ್ದು ತೆಗೆಯಲೂ ಆಗುವುದಿಲ್ಲ. ಸೆಣಬಿನ ಚೀಲಗಳಲ್ಲೂ ಎಚ್ಚರ ಬೇಕು. ಒಳಗೆ ಬೆರಳಾಡಿಸಿದಾಗ ನುಣುಪಾದ, ಹೊಳೆಯುವ ಪದರ ಸಿಕ್ಕರೆ ಅದು ಪಾಲಿಥೀನ್ ಲ್ಯಾಮಿನೇಶನ್. ಗಟ್ಟಿಯಾಗಿರುವುದರಿಂದ ಬಳಕೆಗೇನೋ ಬರುತ್ತದೆ, ಹರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ.

ಬಿದಿರು ಕಪ್ಪುಗಳದು ಇದಕ್ಕಿಂತ ಗಂಭೀರ ವಿಷಯ. ‘ಬ್ಯಾಂಬೂ ಫೈಬರ್’ ಎಂದು ಉಡುಗೊರೆ ಪೆಟ್ಟಿಗೆಗಳಲ್ಲಿ ಬರುವ ನಯವಾದ, ಹಗುರವಾದ ಕಪ್ಪು, ತಟ್ಟೆಗಳಲ್ಲಿ ಹಲವು, ಬಿದಿರಿನ ಪುಡಿಯನ್ನು ಮೆಲಮೈನ್–ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್ ರಾಳದಲ್ಲಿ ಕಲಸಿ ಅಚ್ಚೊತ್ತಿದವು. ಬಿಸಿ ಕಾಫಿ, ಟೀ ಹಾಕಿದಾಗ ಇಂಥ ಪಾತ್ರೆಗಳಿಂದ ಫಾರ್ಮಾಲ್ಡಿಹೈಡ್ ಪಾನೀಯಕ್ಕೆ ಇಳಿಯಬಹುದೆಂದು, ಬಳಕೆಯ ವಸ್ತುಗಳ ಅಪಾಯ ಅಂದಾಜಿಸುವ ಜರ್ಮನಿಯ ಬಿಎಫ್‌ಆರ್ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಇವು ಮಣ್ಣಲ್ಲಿ ಕರಗುವುದಿಲ್ಲ, ಮರುಬಳಕೆಗೂ ಬಾರವು. ಬಿದಿರನ್ನೇ ಕೊಡಬೇಕೆಂದರೆ ಬಿದಿರು ಬಿದಿರಾಗಿಯೇ ಕಾಣುವ ಬುಟ್ಟಿ, ಮೊರ, ತಟ್ಟಿ ಕೊಡಿ. ನಾರು, ಗಂಟು, ಹೆಣಿಗೆ ಕಣ್ಣಿಗೆ ಬೀಳಬೇಕು.

ಕಾಂಪೋಸ್ಟಬಲ್ ಕವರುಗಳಿಗೆ ಐಎಸ್ 17088 ಎಂಬ ಮಾನದಂಡವಿದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಬೇಕು. ಆದರೆ ಅವು ಕರಗುತ್ತವೆ ಎಂದು ತೀರ್ಮಾನಿಸುವ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಶಾಖದಲ್ಲಿ, ಆರು ತಿಂಗಳವರೆಗೆ. ಬಾಲ್ಕನಿಯ ಗೊಬ್ಬರದ ಮಡಕೆಯಲ್ಲಿ ಆ ಶಾಖ ಅಷ್ಟು ಕಾಲ ನಿಲ್ಲದು. ಹಾಗಾಗಿ ಉಡುಗೊರೆಯ ಹೊದಿಕೆಗೆ ಇದನ್ನು ಆರಿಸಿ, ಮನೆಯಲ್ಲೇ ಗೊಬ್ಬರವಾಗುತ್ತದೆಂದು ಬರೆದು ಕೊಡುವುದು ಸರಿಯಲ್ಲ.

ಬೀಜದ ಕಾಗದ, ಬೀಜದ ಪೆನ್ಸಿಲ್‌ಗಳ (ಬಳಸಿದ ಮೇಲೆ ಮಣ್ಣಿಗೆ ಹಾಕಿದರೆ ಮೊಳೆಯಲೆಂದು ಬೀಜ ಸೇರಿಸಿದವು) ಕಲ್ಪನೆ ಚೆನ್ನಾಗಿದೆ, ಆದರೆ ಮೊಳಕೆಯೇ ಬರುವುದಿಲ್ಲ ಎಂಬುದು ಸಾಮಾನ್ಯ ದೂರು. ಕಾಗದ ತಯಾರಿಸುವಾಗ ನೆನೆದ ಬೀಜ ಬೇಗ ಒಣಗದಿದ್ದರೆ ಅಲ್ಲೇ ಮೊಳೆತು ಸಾಯುತ್ತದೆ, ಬಿಸಿಗಾಳಿಯಲ್ಲಿ ಒಣಗಿಸಿದರೆ ಬೆಂದು ಸಾಯುತ್ತದೆ. ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದರೆ ಉಳಿದದ್ದರ ಶಕ್ತಿಯೂ ಕುಗ್ಗುತ್ತದೆ. ನೂರು ಆಮಂತ್ರಣಕ್ಕೆ ಆರ್ಡರ್ ಕೊಡುವ ಮೊದಲು ಒಂದು ಹಾಳೆ ತರಿಸಿ, ಒಂದು ರಾತ್ರಿ ನೆನೆಸಿ, ಅರ್ಧ ಸೆಂಟಿಮೀಟರ್ ಮಣ್ಣು ಹೊದಿಸಿ ಹತ್ತು ದಿನ ಕಾಯಿರಿ. ತುಳಸಿ, ಚೆಂಡು ಹೂವಿನಂಥ ಸಣ್ಣ ಬೀಜದ ಹಾಳೆಗಳು ವಾಸಿ. ಕಾಳಿನಂಥ ದಪ್ಪ ಬೀಜ ಕಾಗದದಲ್ಲಿ ನಿಲ್ಲದೆ ಉದುರುತ್ತದೆ.

ಎಳ್ಳು ಬೀರುವ ಡಬ್ಬಿ

ಸಂಕ್ರಾಂತಿಯಲ್ಲಿ ಹೆಣ್ಣುಮಕ್ಕಳು ಎಳ್ಳು ಬೀರಲು ಹೊರಟಾಗ ಮನೆಮನೆಗೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ, ಇಲ್ಲವೇ ಜಿಪ್ ಕವರು ಹೋಗುತ್ತದೆ. 40 ಮನೆಗೆ ಕೊಟ್ಟವರಿಗೆ ಸಂಜೆಗೆ 40 ಮನೆಯ ಡಬ್ಬಿಗಳು ಬಂದಿರುತ್ತವೆ. ಮುಚ್ಚಳ ಸಡಿಲ, ಬಿಸಿ ತಾಗಿದರೆ ಸೊಟ್ಟಗಾಗುತ್ತದೆ, ಮುಂದಿನ ಸಂಕ್ರಾಂತಿಯವರೆಗೆ ಯಾವುದಕ್ಕೂ ಬಾರದು.

ತಲಾ 50 ಗ್ರಾಂನಂತೆ 40 ಮನೆಗೆ ಎರಡು ಕಿಲೋ ಎಳ್ಳು ಬೆಲ್ಲ ಬೇಕು: ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಮತ್ತು ಹುರಿಗಡಲೆ ಅರ್ಧರ್ಧ ಕಿಲೋ, ಹೆಚ್ಚಿದ ಒಣಕೊಬ್ಬರಿ ಮತ್ತು ಬೆಲ್ಲ 400 ಗ್ರಾಂ, ಬಿಳಿ ಎಳ್ಳು 200 ಗ್ರಾಂ. ಕೊಬ್ಬರಿ, ಬೆಲ್ಲದ ಚೂರುಗಳನ್ನು ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಬೆರೆಸಿ. ಹಸಿ ಉಳಿದರೆ ಹುರಿಗಡಲೆ ಮೆತ್ತಗಾಗುತ್ತದೆ, ಬೆಲ್ಲ ಅಂಟುತ್ತದೆ. ಇದನ್ನು ಕೊಡಲು ಡಬ್ಬಿಯೇ ಬೇಕೆಂದಿಲ್ಲ. ದೊಡ್ಡ ಸ್ಟೀಲ್ ಡಬ್ಬದಲ್ಲಿ ಒಯ್ದು ಆ ಮನೆಯ ಬಟ್ಟಲಿಗೇ ಬೀರಬಹುದು. ಅದು ಸರಿಬರದಿದ್ದರೆ ಮುತ್ತುಗದ ದೊನ್ನೆ, ಇಲ್ಲವೇ ಮೇಲೆ ಹೇಳಿದ ಸೀರೆಯ ಚೀಲ. ಸುದ್ದಿ ಪತ್ರಿಕೆಯ ಪೊಟ್ಟಣ ಮಾತ್ರ ಬೇಡ. ಮುದ್ರಣದ ಶಾಯಿ ಎಣ್ಣೆ ಅಂಶಕ್ಕೆ ಇಳಿಯುತ್ತದೆ, ಆಹಾರ ಪ್ಯಾಕಿಂಗ್‌ನ 2018ರ ನಿಯಮಗಳು ಇದನ್ನು ನಿಷೇಧಿಸಿವೆ. ಬಿಳಿ ಕಾಗದದ ಪೊಟ್ಟಣವಾದರೆ ಕೊಬ್ಬರಿ ಎಣ್ಣೆ ಇಳಿಯುವ ಮೊದಲು, ಅಂದರೆ ಕಟ್ಟಿದ ದಿನವೇ ಹಂಚಿ.

ಉಡುಗೊರೆಯಾಗಿಯೇ ಡಬ್ಬಿ ಕೊಡುವ ಮನಸ್ಸಿದ್ದರೆ ಸ್ಟೀಲಿನದು ಕೊಡಿ, ಸಂಖ್ಯೆ ಕಡಿಮೆ ಮಾಡಿ. ಇಲ್ಲಿ ಗುಣಮಟ್ಟ ನೋಡಲೇಬೇಕು. 304 ದರ್ಜೆಯ ಸ್ಟೀಲಿನಲ್ಲಿ ನಿಕಲ್ ಹೆಚ್ಚು, ಉಪ್ಪು ಹುಳಿಗೆ ಬೇಗ ಜಗ್ಗುವುದಿಲ್ಲ. ಅಗ್ಗದ 200ರ ಸರಣಿಯ ಸ್ಟೀಲಿನಲ್ಲಿ ನಿಕಲ್ ಬದಲು ಮ್ಯಾಂಗನೀಸ್ ಹೆಚ್ಚಿರುತ್ತದೆ, ಉಪ್ಪಿನಕಾಯಿ ಹಾಕಿಟ್ಟರೆ ಚುಕ್ಕಿಚುಕ್ಕಿ ತುಕ್ಕು ಬರುತ್ತದೆ. ಅಯಸ್ಕಾಂತ ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ, ಸಾಮಾನ್ಯವಾಗಿ ಎರಡೂ ಅದಕ್ಕೆ ಅಂಟುವುದಿಲ್ಲ. ಡಬ್ಬಿಯ ತಳದಲ್ಲಿ ದರ್ಜೆಯ ಅಚ್ಚು ಅಥವಾ ಐಎಸ್ 14756ರ ಐಎಸ್‌ಐ ಗುರುತು ನೋಡಿ. ಮುಚ್ಚಳವೂ ಸ್ಟೀಲಿನದೇ ಇರಲಿ. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಒಡೆದ ದಿನ ಡಬ್ಬಿಯ ಆಯುಸ್ಸೂ ಮುಗಿಯುತ್ತದೆ.

ನಮ್ಮಲ್ಲಿ ತಿಂಡಿ ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದೆಂಬ ರೂಢಿಯಿದೆ, ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಪ್ಯಾಕಿಂಗ್ ಕಸವನ್ನು ಸೊನ್ನೆಗೆ ಇಳಿಸುವ ಇದಕ್ಕಿಂತ ಸೊಗಸಾದ ಏರ್ಪಾಡು ಬೇರೊಂದಿಲ್ಲ. ಅಕ್ಕಪಕ್ಕದವರಿಗೆ, ಒಂದೇ ಅಪಾರ್ಟ್‌ಮೆಂಟಿನವರಿಗೆ ಹಬ್ಬದ ತಿಂಡಿ ಕೊಡುವಾಗ ಹೊಸ ಡಬ್ಬಿ ಕೊಳ್ಳದೆ ಮನೆಯ ಡಬ್ಬಿಯಲ್ಲೇ ಕೊಟ್ಟು, ಮುಚ್ಚಳದ ಮೇಲೆ ಮನೆ ನಂಬರು ಬರೆದರೆ ಆಯಿತು.

ರಿಟರ್ನ್ ಗಿಫ್ಟ್ ಆಗಿ ಬರುವ ಜರ್ಮನ್ ಸಿಲ್ವರ್ ಕುಂಕುಮ ಭರಣಿ, ಬಟ್ಟಲುಗಳ ಬಗ್ಗೆ ಒಂದು ಮಾತು. ಅದರಲ್ಲಿ ಬೆಳ್ಳಿಯಿಲ್ಲ, ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. ಊಟ ತಿಂಡಿಗೆ ಬಳಸುವಂತಿಲ್ಲ, ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ, ಪ್ರತಿ ಮನೆಯಲ್ಲೂ ಈಗಾಗಲೇ ನಾಲ್ಕಾರು ಇವೆ. ಅದೇ ಹಣಕ್ಕೆ ಒಂದು ಒಳ್ಳೆಯ ಸ್ಟೀಲ್ ಸೌಟು ಕೊಟ್ಟರೆ ಇಪ್ಪತ್ತು ವರ್ಷ ಕೈಯಲ್ಲಿರುತ್ತದೆ. ತಾಮ್ರದ ಬಾಟಲಿ ಕೊಡುವವರು ಒಂದು ಚೀಟಿ ಸೇರಿಸಲಿ: ನೀರು ಮಾತ್ರ, ಮಜ್ಜಿಗೆ ನಿಂಬೆಹಣ್ಣಿನ ಪಾನಕ ಬೇಡ, ವಾರಕ್ಕೊಮ್ಮೆ ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ ಒಳಗೆಲ್ಲ ತೊಳೆಯಬೇಕು. ಕಿರಿದಾದ ಬಾಯಿಯ ಬಾಟಲಿಯೊಳಗೆ ಕೈ ಹೋಗದು, ಹಾಗಾಗಿಯೇ ಹೆಚ್ಚಿನವು ಹಸಿರುಗಟ್ಟಿ ಮೂಲೆ ಸೇರುತ್ತವೆ. ಅಗಲ ಬಾಯಿಯ ತಂಬಿಗೆ ಮೇಲು.

ದೀಪಾವಳಿ ಪೆಟ್ಟಿಗೆ

ಕಂಪನಿಗಳು ಸಾವಿರಗಟ್ಟಲೆ ಹಂಚುವ ಡ್ರೈಫ್ರೂಟ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆ, ಅದಕ್ಕೆ ಅಂಟಿಸಿದ ಸ್ಯಾಟಿನ್, ಒಳಗೆ ಫೋಮ್, ಪಿವಿಸಿ ಕಿಟಕಿ, ಮುಚ್ಚಳದಲ್ಲಿ ಅಯಸ್ಕಾಂತ. ಇದರ ಪ್ರತಿ ಭಾಗವೂ ಬೇರೆ ವಸ್ತು, ಎಲ್ಲವೂ ಅಂಟಿನಲ್ಲಿ ಒಂದಾಗಿವೆ. ಬೆಂಗಳೂರಿನ ಒಣ ತ್ಯಾಜ್ಯ ಕೇಂದ್ರಗಳಲ್ಲಿ ವಿಂಗಡಿಸುವವರು ಬಿಡಿಸಿ ಮಾರಬಲ್ಲ ವಸ್ತುವಿನಿಂದ ಬದುಕುತ್ತಾರೆ. ಇಂಥ ಪೆಟ್ಟಿಗೆ ಅವರಿಗೆ ಶ್ರಮವಷ್ಟೇ, ಆದಾಯವಲ್ಲ. ಒಳಗಿರುವ ಬಾದಾಮಿ, ಗೋಡಂಬಿ ಒಟ್ಟು 400 ಗ್ರಾಂ ಇದ್ದರೆ ಪೆಟ್ಟಿಗೆಯೇ ಅದಕ್ಕಿಂತ ಭಾರವಾಗಿರುವುದೂ ಉಂಟು.

ಇನ್ನೊಂದು ಸಂಗತಿ ಅಂಗಡಿಯವರಿಗೂ ಮರೆತಿದೆ. ಸಿಹಿ ಡಬ್ಬ, ಆಮಂತ್ರಣ ಪತ್ರಗಳಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಫಿಲ್ಮ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ‘ಫಿಲ್ಮ್ ಸುತ್ತಬೇಡಿ’ ಎಂದು ಆರ್ಡರ್ ಕೊಡುವಾಗಲೇ ಹೇಳುವುದು ಕೊಳ್ಳುವವರ ಹಕ್ಕು. ಹೊಳೆಯುವ ಗಿಫ್ಟ್ ಪೇಪರನ್ನು ಅಂಗೈಯಲ್ಲಿ ಮುದುಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಕಾಗದ, ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪದರವಿದೆ, ರದ್ದಿಗೆ ಹೋಗದು.

ಹೊದಿಕೆಗೆ ರವಿಕೆ ಕಣವನ್ನೇ, ಇಲ್ಲವೇ ಹತ್ತಿಯ ಟವೆಲನ್ನೇ ಬಳಸಿದರೆ ಹೊದಿಕೆಯೂ ಉಡುಗೊರೆಯಾಗುತ್ತದೆ. ಬಟ್ಟೆಯ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಯ ಉದ್ದ, ಪೆಟ್ಟಿಗೆಯ ಉದ್ದದ ಮೂರರಷ್ಟು ಬೇಕು. 25 ಸೆಂಟಿಮೀಟರ್ ಪೆಟ್ಟಿಗೆಗೆ 53 ಸೆಂಟಿಮೀಟರಿನ ಚೌಕ ಸಾಕು, 90 ಸೆಂಟಿಮೀಟರ್ ಚೌಕದಲ್ಲಿ 40ರ ಪೆಟ್ಟಿಗೆ ಕಟ್ಟಬಹುದು. ಪೆಟ್ಟಿಗೆಯನ್ನು ಬಟ್ಟೆಯ ನಡುವೆ, ಅದರ ಉದ್ದ ಒಂದು ಕರ್ಣದ ನೇರಕ್ಕೆ ಬರುವಂತೆ ಇಡಿ. ಅಗಲದ ಕಡೆಯ ಎರಡು ಮೂಲೆಗಳನ್ನು ಒಂದರ ಮೇಲೊಂದು ತಂದು ಅಂಚನ್ನು ಒಳಕ್ಕೆ ಸಿಕ್ಕಿಸಿ, ಉಳಿದ ಎರಡನ್ನು ಮೇಲೆ ತಂದು ಎರಡು ಗಂಟು ಹಾಕಿ. ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡೂ ಸಲ ಒಂದೇ ಕಡೆಯಿಂದ ಹಾಕಿದರೆ ಗಂಟು ಜಾರುತ್ತದೆ. ದೊಡ್ಡ ಬಟ್ಟೆಯನ್ನು ಕತ್ತರಿಸಬೇಡಿ, ಹೆಚ್ಚಿದ್ದನ್ನು ಒಳಗೆ ಮಡಚಿ.

ಪೆಟ್ಟಿಗೆಯೊಳಗೆ ಏನಿರಬೇಕು ಎಂಬುದಕ್ಕೆ ಬಾಳಿಕೆಯೇ ಅಳತೆಗೋಲು. ದೀಪಾವಳಿಯ ಮೂರು ದಿನ ಎಲ್ಲ ಮನೆಗೂ ಸಿಹಿ ಒಟ್ಟಿಗೆ ಬರುತ್ತದೆ, ಖೋವಾದ ಸಿಹಿ ಹೊರಗಿಟ್ಟರೆ ಎರಡು ದಿನಕ್ಕೆ ಹುಳಿಯುತ್ತದೆ. ಹೀಗೆ ಕಸವಾಗುವುದು ಬರೀ ಸಕ್ಕರೆಯಲ್ಲ, ಖೋವಾ ಮಾಡಲು ಬತ್ತಿಸಿದ ಲೀಟರುಗಟ್ಟಲೆ ಹಾಲು, ಅದಕ್ಕೆ ಉರಿಸಿದ ಗ್ಯಾಸು. ಗೋಕಾಕ್, ಅಮೀನಗಡದ ಕರದಂಟು, ಅಂಟಿನ ಉಂಡೆ, ಚಕ್ಕುಲಿ, ಕೋಡುಬಳೆ ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ವಾರ ನಿಲ್ಲುತ್ತವೆ. ಬಿಡಿ ಸಿಹಿಗೂ ಯಾವಾಗಿನವರೆಗೆ ತಿನ್ನಬಹುದೆಂಬ ದಿನಾಂಕವನ್ನು ಅಂಗಡಿಯಲ್ಲಿ ತೋರಿಸುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ಆ ದಿನಾಂಕವನ್ನು ಕೇಳಿ, ಡಬ್ಬದ ಮೇಲೆ ಬರೆದೇ ಕೊಡಿ. ಹಾಪ್‌ಕಾಮ್ಸ್‌ನಿಂದ ಆ ಋತುವಿನ ಸೀತಾಫಲ, ಸೀಬೆ, ವಿಜಯಪುರ–ಬಾಗಲಕೋಟೆ ಕಡೆಯ ದಾಳಿಂಬೆ ತಂದು ಬಿದಿರು ಬುಟ್ಟಿಯಲ್ಲಿ ಕೊಟ್ಟರೆ ವಿಮಾನದಲ್ಲಿ ಬಂದ ಕಿವಿಹಣ್ಣು ಯಾರಿಗೂ ನೆನಪಾಗದು. ಮಾಗಿದ ಬಾಳೆಹಣ್ಣನ್ನು ಮಾತ್ರ ಅದೇ ಬುಟ್ಟಿಗೆ ಹಾಕಬೇಡಿ, ಅದು ಬಿಡುವ ಎಥಿಲೀನ್ ಅನಿಲಕ್ಕೆ ಸೀತಾಫಲ, ಸೀಬೆ ಎರಡು ದಿನ ಮೊದಲೇ ಕಳಿತುಬಿಡುತ್ತವೆ.

ಕಂಪನಿಗಳಿಗಾದರೆ ಎಲ್ಲರಿಗೂ ಒಂದೇ ವಸ್ತು ಕೊಡುವ ಪದ್ಧತಿ ಬಿಡುವುದೇ ದೊಡ್ಡ ಸುಧಾರಣೆ. ನಾಲ್ಕು ಆಯ್ಕೆಗಳ ಪಟ್ಟಿಯನ್ನು ಆರು ವಾರ ಮೊದಲೇ ಕಳಿಸಿ, ಬೇಡ ಎನ್ನುವ ಐದನೆಯ ಆಯ್ಕೆಯನ್ನೂ ಸೇರಿಸಿ. ಕೈಮಗ್ಗ ನಿಗಮದ ಪ್ರಿಯದರ್ಶಿನಿ, ಕರಕುಶಲ ನಿಗಮದ ಕಾವೇರಿ ಮಳಿಗೆಗಳಿಂದ ಟವೆಲು, ಬೆಡ್‌ಶೀಟು, ಮರದ ಸಾಮಾನು ತರಿಸಬಹುದು. ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು, ಕನ್ನಡ ಮಾಸಪತ್ರಿಕೆಯ ವರ್ಷದ ಚಂದಾ, ನಾಟಕದ ಟಿಕೆಟ್, ಇವಕ್ಕೆ ಪ್ಯಾಕಿಂಗ್ ಎಂಬುದೇ ಇಲ್ಲ. ಪಟಾಕಿ ಡಬ್ಬ ಹಂಚುವ ರೂಢಿಯನ್ನು ಮಾತ್ರ ಕೈಬಿಡಬೇಕು. ‘ಹಸಿರು ಪಟಾಕಿ’ಯಿಂದ ಕಡಿಮೆಯಾಗುವುದು ಶೇ 30ರಷ್ಟು ಹೊಗೆಯ ಕಣಗಳಷ್ಟೇ, ಉಳಿದದ್ದು ಮಕ್ಕಳ ಶ್ವಾಸಕೋಶಕ್ಕೇ ಹೋಗುತ್ತದೆ.

ಆಟಿಕೆ ಮತ್ತು ಗಿಡ

ಮಕ್ಕಳಿಗೆ ಚನ್ನಪಟ್ಟಣದ ಆಟಿಕೆ ಇಂದಿಗೂ ಮೊದಲ ಆಯ್ಕೆ. ಹಾಲೆ ಮರವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆ (ಕೇದಿಗೆ) ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬಣ್ಣ ಅರಗಿನೊಳಗೇ ಇರುವುದರಿಂದ ಪೇಂಟಿನಂತೆ ಚಕ್ಕೆ ಏಳುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಮಾರುವುದೆಲ್ಲ ಹೀಗೆ ಮಾಡಿದ್ದಲ್ಲ ಎಂಬುದು ನೆನಪಿರಲಿ. ಎಂಡಿಎಫ್ ಹಲಗೆಯನ್ನು ಕತ್ತರಿಸಿ ಎನಾಮೆಲ್ ಬಳಿದವೂ ಅದೇ ಸಾಲಿನಲ್ಲಿರುತ್ತವೆ. ಕಡೆದ ಆಟಿಕೆ ದುಂಡಗಿರುತ್ತದೆ, ಬಣ್ಣ ಹಾಕದ ತುದಿಯಲ್ಲಿ ಮರದ ಎಳೆ ಕಾಣುತ್ತದೆ, ಮೂಗಿಗೆ ಪೇಂಟಿನ ವಾಸನೆ ಬಾರದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ (ಭೌಗೋಳಿಕ ಗುರುತು) ಬಳಕೆದಾರರಿಗೂ ವಿನಾಯಿತಿ ಇದೆ. ಹಾಗಾಗಿ ಗುರುತಿಲ್ಲದ ಮಾತ್ರಕ್ಕೆ ತಿರಸ್ಕರಿಸಬೇಡಿ, ಬಣ್ಣ ಸಸ್ಯಮೂಲದ್ದೋ ರಾಸಾಯನಿಕದ್ದೋ ಎಂದು ಕೇಳಿ. ಕಂದು ಹಳದಿ, ಮಂಕು ಕೆಂಪು ಸಸ್ಯಮೂಲದ ಬಣ್ಣಗಳ ಲಕ್ಷಣ. ಬಾಯಿಗೆ ಹಾಕುವ ಮಗುವಿಗೆ ಅವೇ ಸರಿ, ಸಣ್ಣ ಮಣಿ, ಬಿಡಿಬಿಡಿ ಚಕ್ರ ಇಲ್ಲದ್ದನ್ನು ಆರಿಸಿ.

ಗಿಡ ಕೊಡುವುದು ಸುಲಭ, ಅದು ಬದುಕುವುದು ಕಷ್ಟ. ಕರಿ ಪ್ಲಾಸ್ಟಿಕ್ ಕವರಿನ ಸಸಿಯನ್ನು ಸಮಾರಂಭದಲ್ಲಿ ಹಂಚಿದರೆ, ಮೂರನೆಯ ಮಹಡಿಯಲ್ಲಿ ಕುಂಡವಿಲ್ಲದೆ, ಮಣ್ಣಿಲ್ಲದೆ ವಾರದಲ್ಲಿ ಒಣಗುತ್ತದೆ. ಹೊಂಗೆ, ಬೇವಿನ ಸಸಿ ಜಾಗವಿದ್ದವರಿಗೆ ಮಾತ್ರ. ಅಪಾರ್ಟ್‌ಮೆಂಟಿನ ಕಿಟಕಿಗೆ ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ವೀಳ್ಯದೆಲೆ ಬಳ್ಳಿ ಒಗ್ಗುತ್ತವೆ, ಅಡುಗೆಗೂ ಆಗುತ್ತವೆ. ದೊಡ್ಡಪತ್ರೆಯನ್ನು ಮನೆಯಲ್ಲೇ ಬೆಳೆಸಿ ಕೊಡಬಹುದು. ಗೌರಿ ಹಬ್ಬಕ್ಕೆ ಬೇಕೆಂದರೆ ಆರು ವಾರ ಮೊದಲು, ಆಷಾಢದಲ್ಲೇ, ನಾಲ್ಕೈದು ಅಂಗುಲದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ದಿನ ನೆರಳಲ್ಲಿ ಬಿಡಿ. ಕೆಮ್ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ, ತಳದಲ್ಲಿ ತೂತು ಕೊರೆದ ತೆಂಗಿನ ಚಿಪ್ಪಿಗೆ ತುಂಬಿ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಮಳೆ ನೇರ ಬೀಳದಂತೆ ಇಡಿ, ನೀರು ಹೆಚ್ಚಾದರೆ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ. ನೆಟ್ಟದ್ದರಲ್ಲಿ ನಾಲ್ಕರಲ್ಲೊಂದು ಹೋಗುತ್ತದೆಂದೇ ಇಟ್ಟುಕೊಂಡು 30 ಬೇಕಿದ್ದರೆ 40 ನೆಡಿ.

ಹೊರದೇಶದಲ್ಲಿರುವ ಮಗಳಿಗೆ, ತಮ್ಮನಿಗೆ ಕಳಿಸುವಾಗ ಈ ಪಟ್ಟಿಯಲ್ಲಿ ಅರ್ಧ ಬಿಟ್ಟುಬಿಡಬೇಕಾಗುತ್ತದೆ. ಬೀಜದ ರಾಖಿ, ಬೀಜದ ಕಾಗದ, ಸಸಿಗಳನ್ನು ಅಮೆರಿಕ, ಆಸ್ಟ್ರೇಲಿಯಾಗಳು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಆಸ್ಟ್ರೇಲಿಯಾದಲ್ಲಿ ಮರದ, ಬಿದಿರಿನ ವಸ್ತುಗಳನ್ನೂ ಘೋಷಿಸಬೇಕು. ಕೊರೆಹುಳದ ತೂತು, ತೊಗಟೆ ಕಂಡರೆ ಅಲ್ಲೇ ನಾಶಪಡಿಸಲೂಬಹುದು. ಕೊರಿಯರ್ ವಿಮಾನದಲ್ಲಿ ಹೋಗುವುದರಿಂದ ತೂಕವೇ ಪರಿಸರದ ಹೊರೆ. ಬಟ್ಟೆ ಹಗುರ, ಒಡೆಯುವುದಿಲ್ಲ, ಒಂದು ಮೀಟರ್ ಖಣ 200 ಗ್ರಾಂ ದಾಟದು. ಊರಿನಿಂದ ಹೊರಟವರ ಸೂಟ್‌ಕೇಸಿನಲ್ಲಿ ಜಾಗ ಕೇಳಿ ಕಳಿಸಿದರೆ ರಟ್ಟಿನ ಪೆಟ್ಟಿಗೆಯೂ ಬೇಕಿಲ್ಲ. ಅಲ್ಲಿ ಹೊಲಿಸುವುದು ದುಬಾರಿಯಾದ್ದರಿಂದ ಅಳತೆ ರವಿಕೆ ತರಿಸಿಕೊಂಡು ಇಲ್ಲೇ ಹೊಲಿಸಿ, ಬದಿಯಲ್ಲಿ ಒಂದು ಅಂಗುಲ ಬಟ್ಟೆ ಒಳಗೆ ಬಿಡಿಸಿ ಕಳಿಸಿ. ಮುಂದೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲಿಸಿಕೊಳ್ಳಬಹುದು.